ಪೆಟ್ಟಿಗೆಯಲ್ಲಿ ಇಲ್ಲದ ಸಾಮಾನು

ಆಟದ ಸಾಮಾನಿನ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾದುದನ್ನು ಮಕ್ಕಳು ಓದುತ್ತಾರೆ. ಸಣ್ಣ ಅಕ್ಷರಗಳಲ್ಲಿ ಅಚ್ಚಾದುದನ್ನು ಓದುವುದು ಮುದುಕರ ಪಾಲಿಗೆ ಬಂದ ಕೆಲಸ. ಬೆಂಗಳೂರಿನ ಬಸವನಗುಡಿಯ ಮನೆಯೊಂದರಲ್ಲಿ, ಹುಡುಗನ ಹನ್ನೊಂದನೆಯ ಹುಟ್ಟುಹಬ್ಬದಂದು, ಹೀಗೆಯೇ ಆಯಿತು. 2025ರ ಫೆಬ್ರವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನವನ್ನು ಕಂಡು ಬಂದಂದಿನಿಂದ ಆ ಹುಡುಗನಿಗೆ ಊಟ ನಿದ್ರೆಗಳಲ್ಲಿಯೂ ವಿಮಾನದ್ದೇ ಧ್ಯಾನ. ಸೋದರಮಾವ ಕಳುಹಿಸಿದ್ದ ಪೆಟ್ಟಿಗೆಯ ಮುಚ್ಚಳದ ಮೇಲೆ ನೀಲಿಯ ಆಕಾಶ, ಬೆಳ್ಳನೆಯ ಮೋಡ, ನಡುವೆ ಹಳದಿ ರೆಕ್ಕೆಯ ವಿಮಾನ. ಮುಚ್ಚಳ ತೆಗೆದು ನೋಡಿದರೆ ಒಳಗೆ ವಿಮಾನವೇ ಇರಲಿಲ್ಲ!

ಗೆರೆಗಳನ್ನು ಅಚ್ಚೊತ್ತಿದ ನಾಲ್ಕು ತೆಳ್ಳನೆಯ ಮರದ ಹಾಳೆ, ಒಂದು ಕಟ್ಟು ಕಡ್ಡಿ, ಎಂಟು ಮಡಿಕೆಯ ನಕ್ಷೆ, ಸುರುಳಿ ಸುತ್ತಿದ ತೆಳುಕಾಗದ, ಒಂದು ಪ್ಲಾಸ್ಟಿಕ್ ಪ್ರೊಪೆಲರು, ಒಂದು ತುಂಡು ಉಕ್ಕಿನ ತಂತಿ, ಒಂದು ಸುತ್ತು ರಬ್ಬರಿನ ಎಳೆ. ಇಷ್ಟೆ. ಹುಡುಗನ ಮುಖ ಬಾಡಿತು. ತಾತ ಭೂತಗನ್ನಡಿ ಹಿಡಿದು ಪೆಟ್ಟಿಗೆಯ ಮಗ್ಗುಲನ್ನು ಓದುತ್ತಿದ್ದರು.

“ಚಾಕು, ಅಂಟು, ಗುಂಡುಸೂಜಿ ಇದರಲ್ಲಿ ಸೇರಿಲ್ಲ ಅಂತ ಬರೆದಿದಾನೆ ಕಣೋ. ಪ್ರಾಮಾಣಿಕ ಮನುಷ್ಯ!”

ಹುಡುಗನ ತಂದೆ ಆಗಲೇ ಮೊಬೈಲನ್ನು ಕೈಗೆತ್ತಿಕೊಂಡಿದ್ದರು. “ಅದಕ್ಕೇನಪ್ಪ, ಮೂವತ್ತೆರಡು ಸಲಕರಣೆಗಳ ಸೆಟ್ಟು ಇದೆ ಇಲ್ಲಿ. ನಾಳೆಯೇ ಬಂದುಬಿಡತ್ತೆ.”

“ಮೂವತ್ತೆರಡು ಬಂದರೆ ಒಂದನ್ನೂ ಹಿಡಿಯೋದು ಕಲಿಯಲ್ಲ,” ಎಂದರು ತಾತ. “ಮನೇಲಿ ಏನಿದೆ ನೋಡೋಣ.”

ಕೆಲಸಕ್ಕೆ ಕೈಯಿಡುವ ಮೊದಲೇ ಸಲಕರಣೆಗಳನ್ನು ಕೂಡಿಹಾಕುವ ಚಪಲ ಮನುಷ್ಯನಿಗೆ ಹುಟ್ಟಿನಿಂದ ಬಂದದ್ದು. ವೀಣೆ ಕಲಿಯುವವರು ಮೊದಲು ವೀಣೆಗೆ ಗವಸು ಹೊಲಿಸುತ್ತಾರೆ. ತೋಟ ಮಾಡುವವರು ಮೊದಲು ಬಣ್ಣದ ಕುಂಡಗಳನ್ನು ತರುತ್ತಾರೆ. ವಸ್ತು ಮನೆಗೆ ಬಂದೊಡನೆ ವಿದ್ಯೆಯೂ ಅರ್ಧ ಬಂದಂತೆ ಒಂದು ಭ್ರಾಂತಿ ಆವರಿಸುತ್ತದೆ. ಆದರೆ ಮಾದರಿ ವಿಮಾನ ಕಟ್ಟುವವನಿಗೆ ಬೇಕಾದ ಸಾಮಗ್ರಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಅಡಗುವಷ್ಟೆ. ತಾತನವರಿಗೆ ಇದು ಗೊತ್ತಿತ್ತು. 1960ರ ದಶಕದ ಕೊನೆಯಲ್ಲಿ, ಕಾಲೇಜಿನ ದಿನಗಳಲ್ಲಿ, ಎನ್.ಸಿ.ಸಿ.ಯ ವಾಯುದಳ ವಿಭಾಗದಲ್ಲಿದ್ದಾಗ ಅವರು ಇಂಥವನ್ನು ಕಟ್ಟಿದ್ದರು. ಆ ವಿಭಾಗದ ಹುಡುಗರಿಗೆ ಮಾದರಿ ವಿಮಾನ ರಚನೆಯೂ ಒಂದು ಪಾಠವೇ ಆಗಿತ್ತು. ಆಮೇಲೆ ಮೂವತ್ತೈದು ವರುಷ ಸರಕಾರಿ ಕಛೇರಿಯೊಂದರಲ್ಲಿ ನಕ್ಷೆ ಬರೆದು ಸಂಸಾರ ಸಾಗಿಸಿದವರು. ಅವರು ಎಳೆದ ಗೆರೆ ಕೂದಲೆಳೆಯಷ್ಟೂ ಅತ್ತಿತ್ತ ಹೋಗದೆಂದು ಆ ಕಛೇರಿಯಲ್ಲಿ ಮಾತಿತ್ತು.

ಮನೆಯ ಲೂಟಿ ಆರಂಭವಾಯಿತು. ಹಳೆಯ ನೋಟೀಸು ಹಚ್ಚುತ್ತಿದ್ದ ಮೆತ್ತನೆಯ ಹಲಗೆಯೊಂದು ಅಟ್ಟದಿಂದ ಇಳಿಯಿತು. ತಾತನವರ ಉಕ್ಕಿನ ಅಳತೆಪಟ್ಟಿ, ಹಳೆಯ ಪೆಟ್ಟಿಗೆಯಿಂದ ಒಂದು ಮೊನಚು ಇಕ್ಕಳ, ಅಜ್ಜಿ ಹುಬ್ಬು ತಿದ್ದಿಕೊಳ್ಳುತ್ತಿದ್ದ ಕಾಲದ ಒಂದು ಚಿಮ್ಮಟ, ಅಡಿಗೆಮನೆಯಿಂದ ಮೇಣದ ಕಾಗದ, ದೇವರಮನೆಯಿಂದ ಹಳೆಯ ಹತ್ತಿ ಬಟ್ಟೆ. ಕೊನೆಗೆ ಅಜ್ಜಿಯ ಹೊಲಿಗೆಯ ಡಬ್ಬಿಗೂ ಕೈಬಿತ್ತು.

“ಗುಂಡುಸೂಜಿ ಅರವತ್ತಿವೆ. ಎಣಿಸಿ ಕೊಡ್ತಿದೀನಿ, ಎಣಿಸಿ ವಾಪಸ್ಸು ಕೊಡಬೇಕು,” ಎಂದರು ಅಜ್ಜಿ. “ಚಾಪೆ ಮೇಲೆ ಒಂದು ಬಿದ್ದರೂ ನನ್ನ ಕಾಲಿಗೇ ಸಿಕ್ಕೋದು.”

ಕೊಂಡು ತಂದದ್ದು ಮೂರೇ ಪದಾರ್ಥ: ಅಲಗನ್ನು ಬದಲಾಯಿಸಬಹುದಾದ ಒಂದು ಸಣ್ಣ ಚಾಕು, ಮರಗೆಲಸದ ಬಿಳಿಯ ಅಂಟು, ಒರಟು ನಯವೆಂದು ಎರಡು ಬಗೆಯ ಮರಳುಕಾಗದ.

ಕಟ್ಟುವ ಕ್ರಮವೂ ಸರಳವಾದದ್ದೇ. ಹಲಗೆಯ ಮೇಲೆ ನಕ್ಷೆಯನ್ನು ಹರಡಬೇಕು. ನಕ್ಷೆ ವಿಮಾನದಷ್ಟೇ ದೊಡ್ಡದಾಗಿರುವುದರಿಂದ ಅಳೆಯುವ ತೊಂದರೆಯಿಲ್ಲ; ಗೆರೆಯ ಮೇಲೆ ಕಡ್ಡಿಯನ್ನಿಟ್ಟರೆ ಆಯಿತು. ಅಂಟು ನಕ್ಷೆಗೆ ಹಿಡಿಯದಂತೆ ಮೇಲೆ ಮೇಣದ ಕಾಗದ. ಕಡ್ಡಿ ಅಲುಗದಂತೆ ಗುಂಡುಸೂಜಿ. ಆದರೆ ಸೂಜಿಯನ್ನು ಕಡ್ಡಿಯೊಳಗೆ ಚುಚ್ಚುವುದಲ್ಲ, ಚುಚ್ಚಿದರೆ ಕಡ್ಡಿ ಸೀಳುತ್ತದೆ. ಎರಡು ಮಗ್ಗುಲಲ್ಲಿಯೂ ಒಂದೊಂದನ್ನು ನಿಲ್ಲಿಸಿ ಅದನ್ನು ನಡುವೆ ಹಿಡಿಯಬೇಕು, ರಸ್ತೆ ದಾಟುವ ಮಗುವನ್ನು ತಾಯಿತಂದೆ ಎರಡು ಕಡೆಯಿಂದ ಹಿಡಿದುಕೊಳ್ಳುವಂತೆ.

ಆ ಮರದ ಹಾಳೆಯನ್ನು ಮೊದಲ ಸಲ ಅಂಗೈಮೇಲಿಟ್ಟುಕೊಂಡಾಗ ಹುಡುಗ, “ಇದು ಮರಾನೇ ಅಲ್ಲ ತಾತ, ಥರ್ಮಾಕೋಲು,” ಎಂದ. ಅದು ಬಾಲ್ಸಾ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶವೇ ಇದರ ದೊಡ್ಡ ತವರು. ಬೇಗ ಬೆಳೆಯುವ ಮರ. ಆರೇಳು ವರುಷಗಳಲ್ಲಿ ಕಡಿಯಲು ಬರುತ್ತದೆ. ಒಂದು ಘನಮೀಟರು ತೇಗ ಸುಮಾರು 650 ಕಿಲೋಗ್ರಾಂ ತೂಗಿದರೆ ಬಾಲ್ಸಾ ಸಾಮಾನ್ಯವಾಗಿ 100ರಿಂದ 200 ಕಿಲೋಗ್ರಾಂ ಮಾತ್ರ. ಸ್ಪಾನಿಷ್ ಭಾಷೆಯಲ್ಲಿ ಬಾಲ್ಸಾ ಎಂದರೆ ತೆಪ್ಪ. ಈ ಮರದ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿ ತೆಪ್ಪ ಮಾಡಿಕೊಂಡು ಥೋರ್ ಹೆಯರ್ಡಾಲ್ ಮತ್ತು ಅವರ ಐವರು ಸಂಗಡಿಗರು 1947ರಲ್ಲಿ ಪೆರುವಿನಿಂದ ಹೊರಟು, 101 ದಿನ ಪೆಸಿಫಿಕ್ ಸಾಗರದಲ್ಲಿ ತೇಲಿ ಪಾಲಿನೇಷ್ಯಾವನ್ನು ಮುಟ್ಟಿದರು. ಎರಡನೆಯ ಮಹಾಯುದ್ಧದ ಮಸ್ಕೀಟೋ ಎಂಬ ಬ್ರಿಟಿಷ್ ವಿಮಾನದ ಮೈ, ಬರ್ಚ್ ಮರದ ಎರಡು ಪದರಗಳ ನಡುವೆ ಬಾಲ್ಸಾವನ್ನು ಇಟ್ಟು ಮಾಡಿದ್ದಾಗಿತ್ತು. ಸಾಗರವನ್ನು ದಾಟಿದ ಮರ, ಯುದ್ಧಕ್ಕೆ ಹೋದ ಮರ, ಹುಡುಗನ ಉಗುರು ತಾಗಿದರೆ ತಗ್ಗು ಬೀಳುವ ಮರವೂ ಅದೇ.

ಇಷ್ಟು ಮೆತ್ತನೆಯ ಮರಕ್ಕೆ ಎಷ್ಟು ಹರಿತದ ಚಾಕು ಸಾಕು? ಇಲ್ಲಿ ಎಲ್ಲರೂ ಎಡವುತ್ತಾರೆ. ಮೆತ್ತಗಿರುವುದರಿಂದಲೇ ಅದಕ್ಕೆ ಅತ್ಯಂತ ಹರಿತವಾದ ಅಲಗು ಬೇಕು. ಮೊಂಡಾದ ಅಲಗು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಒಂದೇ ಏಟಿಗೆ ಅದುಮಿ ಎಳೆದರೆ ಚಾಕು ಮರದ ಎಳೆಯ ಜಾಡು ಹಿಡಿದು ಗೆರೆಯನ್ನು ಬಿಟ್ಟು ಓಡುತ್ತದೆ. ಉಕ್ಕಿನ ಪಟ್ಟಿಯನ್ನು ಆನಿಸಿಕೊಂಡು, ಭಾರ ಹಾಕದೆ, ಒಂದೇ ಗೆರೆಯ ಮೇಲೆ ನಾಲ್ಕು ಸಲ ಸವರಬೇಕು. ಪಟ್ಟಿಯನ್ನು ಹಿಡಿದ ಬೆರಳು ಚಾಕುವಿನ ದಾರಿಗೆ ಬರಬಾರದು. ಮುರಿದ ಅಲಗನ್ನು ಕಾಗದದಲ್ಲಿ ಸುತ್ತಿ ಒಂದು ಸಣ್ಣ ಶೀಶೆಗೆ ಹಾಕಬೇಕೇ ಹೊರತು ಕಸದ ಬುಟ್ಟಿಗಲ್ಲ. ಕಸ ಆಯುವವರಿಗೂ ಬೆರಳುಗಳಿವೆ. ಮರಳುಕಾಗದವನ್ನೂ ಬರಿಗೈಯಲ್ಲಿ ಹಿಡಿದು ಉಜ್ಜುವುದಲ್ಲ. ಬೆರಳು ಸಮತಟ್ಟಲ್ಲವಾದ್ದರಿಂದ ಮರ ಅಲ್ಲಲ್ಲಿ ಹಳ್ಳ ಬೀಳುತ್ತದೆ. ಚಪ್ಪಟೆಯಾದ ಮರದ ತುಂಡಿಗೆ ಅದನ್ನು ಅಂಟಿಸಿ ಉಜ್ಜಬೇಕು.

ಮೂರನೆಯ ದಿನ ರೆಕ್ಕೆಯ ಪಕ್ಕೆಲುಬುಗಳನ್ನು ನಿಲ್ಲಿಸುವ ಸರದಿ. ಕಾರ್ಡಿನಷ್ಟು ದಪ್ಪದ ಹದಿನಾಲ್ಕು ತುಣುಕುಗಳು. ಒಂದೊಂದನ್ನೂ ನೆಟ್ಟಗೆ, ಅದರದರ ಗೆರೆಯ ಮೇಲೆಯೇ ನಿಲ್ಲಿಸಬೇಕು. ತಾತ ಚಿಮ್ಮಟದಲ್ಲಿ ಒಂದನ್ನು ಎತ್ತಿದರು. ಕೈ ಹಲಗೆಯನ್ನು ಸಮೀಪಿಸಿದಂತೆ ನಡುಗತೊಡಗಿತು. ತುಣುಕು ತನ್ನ ಜಾಗವನ್ನು ಸೇರುವ ಬದಲು ಆಗಲೇ ನಿಂತಿದ್ದ ಮೂರು ಪಕ್ಕೆಲುಬುಗಳನ್ನು ಉರುಳಿಸಿತು.

ಆ ಕೈ ನಡುಗಲು ತೊಡಗಿ ಮೂರು ವರುಷವಾಗಿತ್ತು. ವಯಸ್ಸಿನ ನಡುಕ, ಪ್ರಾಣಕ್ಕೆ ಭಯವಿಲ್ಲವೆಂದು ವೈದ್ಯರು ಹೇಳಿದ್ದರು. ಸುಮ್ಮನೆ ತೊಡೆಯ ಮೇಲಿದ್ದಾಗ ಕೈ ಶಾಂತವಾಗಿಯೇ ಇರುತ್ತಿತ್ತು. ಏನಾದರೂ ಮಾಡಹೋದರೆ ಮಾತ್ರ ನಡುಕ. ಸಹಿ ಹೊಂದುವುದಿಲ್ಲವೆಂದು ಬ್ಯಾಂಕಿನಿಂದ ಚೆಕ್ಕು ಹಿಂದಕ್ಕೆ ಬಂದ ದಿನ ಅವರು ಯಾರೊಡನೆಯೂ ಮಾತಾಡಿರಲಿಲ್ಲ. ಈಗಲೂ, “ಯಾಕೋ ಕಣ್ಣು ಮಂಜಾಗಿದೆ, ನೀನೇ ಮಾಡು ಮರಿ,” ಎಂದು ಎದ್ದು ಹೊರಗಿನ ಜಗಲಿಗೆ ಹೋದರು. ಹುಡುಗ ಉರುಳಿದ ತುಣುಕುಗಳನ್ನು ನೋಡುತ್ತ ಕುಳಿತ. ಕಣ್ಣು ಮಂಜಾದವರು ಜಗಲಿಯಲ್ಲಿ ಕುಳಿತು ಪತ್ರಿಕೆ ಓದುವುದಿಲ್ಲವೆಂದು ತಿಳಿಯುವಷ್ಟು ದೊಡ್ಡವನಾಗಿದ್ದ ಅವನು.

ಮರುದಿನ ಸಂಜೆ ಶಾಲೆಯಿಂದ ಬಂದವನು ತಾತನನ್ನು ಕೈಹಿಡಿದು ಹಲಗೆಯ ಬಳಿಗೆ ಕರೆತಂದ. ಉಳಿದ ಒಂದೊಂದು ಪಕ್ಕೆಲುಬಿನ ಜಾಗದಲ್ಲಿಯೂ ಗೆರೆಯ ಅತ್ತ ಎರಡು, ಇತ್ತ ಎರಡು ಗುಂಡುಸೂಜಿಗಳು ನೆಟ್ಟಗೆ ನಿಂತಿದ್ದವು. ನಡುವೆ ಒಂದು ತುಣುಕು ಹಿಡಿಸುವಷ್ಟೇ ಸಂದು.

“ತಾತ, ಇನ್ನು ಮೇಲಿಂದ ಜಾರಿಸಿದರೆ ಸಾಕು. ಕೈ ಹೇಗಿದ್ದರೂ ಸೂಜಿ ನಡುಗಲ್ಲ.”

ತಾತ ಕೆಲವು ಹೊತ್ತು ಮಾತಾಡಲಿಲ್ಲ. ಆಮೇಲೆ ಮಣಿಕಟ್ಟಿನ ಕೆಳಗೆ ಮರಳುಕಾಗದದ ಮರದ ತುಂಡನ್ನು ಒತ್ತುಕೊಟ್ಟುಕೊಂಡು ಒಂದು ತುಣುಕನ್ನು ಜಾರಿಸಿದರು. ಅದು ಸೂಜಿಗಳನ್ನು ಎರಡು ಸಲ ತಾಗಿ, ತನ್ನ ಗೆರೆಯ ಮೇಲೆ ಹೋಗಿ ನಿಂತಿತು.

ಯೋಚಿಸಿ ನೋಡಿದರೆ ಸಲಕರಣೆಯೆಂಬುದರ ಅರ್ಥವೇ ಇದು. ಕೈ ಸೊಟ್ಟಗೆ ಹೋಗುತ್ತದೆಂದೇ ಅಳತೆಪಟ್ಟಿ. ಬೆರಳು ಉಬ್ಬುತಗ್ಗೆಂದೇ ಮರದ ತುಂಡು. ಮನುಷ್ಯ ಗಂಟೆಗಟ್ಟಲೆ ಅಲುಗದೆ ಹಿಡಿದಿರಲಾರನೆಂದೇ ಗುಂಡುಸೂಜಿ. ಸಲಕರಣೆ ಕುಶಲನ ಆಭರಣವಲ್ಲ. ಕೈಯ ದೌರ್ಬಲ್ಯವನ್ನು ಒಪ್ಪಿಕೊಂಡವರು ಯಾರೋ ಅದಕ್ಕೆ ಮಾಡಿದ ಏರ್ಪಾಟು ಅದು. ನಡುಗುವ ಕೈಗೆ ಮಾತ್ರವಲ್ಲ, ಅವಸರದ ಕೈಗೂ ಅದು ಬೇಕು.

ಹುಡುಗನದು ಅವಸರದ ಕೈ. ಬಿಳಿಯ ಅಂಟು ಗಟ್ಟಿಯಾಗಲು ಗಂಟೆಗಟ್ಟಲೆ ಬೇಕು. “ಒಂದು ಕ್ಷಣದಲ್ಲಿ ಹಿಡಿಯೋ ಅಂಟು ಇದೆಯಲ್ಲ ತಾತ?” ಎಂಬುದು ಅವನ ನಿತ್ಯದ ಪ್ರಶ್ನೆ. ಉಂಟು, ಸೈನೊಆಕ್ರಿಲೇಟ್ ಎಂದು ಅದರ ಹೆಸರು. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ಮತ್ತು ಜೊತೆಗಾರರು ಬಂದೂಕಿನ ಗುರಿಸಾಧನಕ್ಕೆ ಪಾರದರ್ಶಕ ಪ್ಲಾಸ್ಟಿಕ್ಕನ್ನು ಹುಡುಕುತ್ತಿದ್ದಾಗ ಅದು ಎದುರಾಯಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಆಗ ಅದನ್ನು ಬದಿಗೊತ್ತಿದರು. 1958ರಲ್ಲಿ ಅದೇ ಅವಗುಣವನ್ನು ಗುಣವೆಂದು ಮಾರಾಟಕ್ಕಿಟ್ಟರು. ಅದು ಮರಕ್ಕೆ ಹಿಡಿಯುವಷ್ಟೇ ವೇಗವಾಗಿ ಎರಡು ಬೆರಳುಗಳನ್ನೂ ಒಂದುಮಾಡುತ್ತದೆ, ಅದರ ಹಬೆ ಕಣ್ಣುರಿಸುತ್ತದೆ, ಹತ್ತಿಬಟ್ಟೆಯ ಮೇಲೆ ಚೆಲ್ಲಿದರೆ ಸುಡುವಷ್ಟು ಬಿಸಿಯೇರುತ್ತದೆ. ಅದಕ್ಕಿಂತ ದೊಡ್ಡ ಆಕ್ಷೇಪ ಬೇರೆ: ತಪ್ಪಾಗಿ ಇಟ್ಟದ್ದನ್ನು ತಿದ್ದಿಕೊಳ್ಳುವ ಅವಕಾಶವನ್ನೇ ಅದು ಕೊಡುವುದಿಲ್ಲ. ಬಿಳಿಯ ಅಂಟಾದರೋ ಹತ್ತು ನಿಮಿಷ ಕ್ಷಮಿಸುತ್ತದೆ. ಯಾವ ಅಂಟೇ ಆಗಲಿ, ಕಡ್ಡಿಯ ತುದಿಯಲ್ಲಿ ಒಂದು ಹನಿ ಸಾಕು. ಹೆಚ್ಚಿನ ಅಂಟು ಬಲವಲ್ಲ, ಭಾರ.

ಅಂಟು ಒಣಗುವ ತನಕ ತಾತ ಕಥೆ ಹೇಳುತ್ತಿದ್ದರು. ಅವುಗಳಲ್ಲಿ ಒಂದು ಆಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ತರುಣನದು. ಸೊಂಟದ ಕೀಲಿನ ರೋಗದಿಂದಾಗಿ ಅವನಿಗೆ ನೌಕಾದಳದ ಬಾಗಿಲು ಮುಚ್ಚಿತ್ತು. ನಡೆಯುವುದೇ ಕಷ್ಟವಾಗಿದ್ದವನು ಹಾರುವ ಯಂತ್ರದ ಚಿಂತೆಗೆ ಬಿದ್ದ. 1871ರ ಆಗಸ್ಟ್ 18ರಂದು, ಪ್ಯಾರಿಸ್ಸಿನ ತ್ವೀಲರಿ ಉದ್ಯಾನದಲ್ಲಿ, ಅವನು ಹೊಸೆದ ರಬ್ಬರಿನಿಂದ ತಿರುಗುವ ಪ್ರೊಪೆಲರಿದ್ದ ಒಂದು ಮಾದರಿಯನ್ನು ಹಾರಿಬಿಟ್ಟ. ಉದ್ದ ಅರ್ಧ ಮೀಟರು, ತೂಕ 16 ಗ್ರಾಂ. ಅದು ತನ್ನಷ್ಟಕ್ಕೆ ತಾನೇ ಸಮತೋಲ ಕಾಯ್ದುಕೊಂಡು 11 ಸೆಕೆಂಡುಗಳಲ್ಲಿ ಸುಮಾರು 40 ಮೀಟರು ಹಾರಿತು. 1876ರಲ್ಲಿ ಅವನು ಮನುಷ್ಯರನ್ನೇ ಹೊರುವ ವಿಮಾನವೊಂದರ ರಚನೆಗೆ ಹಕ್ಕುಪತ್ರ ಪಡೆದ. ಕಟ್ಟಲು ಹಣ ಕೊಡುವವರು ಸಿಕ್ಕಲಿಲ್ಲ. 1880ರಲ್ಲಿ, ಮೂವತ್ತರ ಹರೆಯದಲ್ಲಿ, ತನ್ನ ಬದುಕನ್ನು ತಾನೇ ಮುಗಿಸಿಕೊಂಡ.

“ಅಷ್ಟೇನಾ?” ಎಂದ ಹುಡುಗ.

ಅಷ್ಟೇ ಅಲ್ಲ. 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ತಮ್ಮ ಮಕ್ಕಳಿಗೆ ಬೆಂಡು, ಬಿದಿರು, ಕಾಗದಗಳಿಂದ ಮಾಡಿದ ಒಂದು ಹಾರುವ ಆಟಿಗೆಯನ್ನು ತಂದುಕೊಟ್ಟರು. ರಬ್ಬರಿನಿಂದ ತಿರುಗುವ ಆ ಆಟಿಗೆ ಪೆನೋನ ಮಾದರಿಯನ್ನು ಅನುಸರಿಸಿದ್ದು. ಮುರಿದುಹೋದಾಗ ಮಕ್ಕಳು ಅಂಥವನ್ನೇ ತಾವು ಮಾಡಿಕೊಂಡರು. ಹಿರಿಯವನಿಗೆ ಹನ್ನೊಂದು ವರುಷ, ಕಿರಿಯವನಿಗೆ ಏಳು. ವಿಲ್ಬರ್ ಮತ್ತು ಆರ್ವಿಲ್ ರೈಟ್. 1903ರ ಡಿಸೆಂಬರ್ 17ರಂದು ಅವರ ವಿಮಾನ ಮನುಷ್ಯನನ್ನು ಹೊತ್ತು ಮೊದಲ ಸಲ ನೆಲ ಬಿಟ್ಟಾಗ ಗಾಳಿಯಲ್ಲಿದ್ದುದು 12 ಸೆಕೆಂಡು, ಕ್ರಮಿಸಿದ್ದು 120 ಅಡಿ, ಎಂದರೆ ಸುಮಾರು 36 ಮೀಟರು. ಕುಂಟುತ್ತಿದ್ದ ತರುಣನ 16 ಗ್ರಾಮಿನ ಆಟಿಗೆ ಮೂವತ್ತೆರಡು ವರುಷ ಮೊದಲೇ ಅದಕ್ಕಿಂತ ಕೊಂಚ ಹೆಚ್ಚೇ ದೂರ ಹೋಗಿತ್ತು. ಹುಡುಗ ಅಂದು ಅಂಟು ಒಣಗಿತೇ ಎಂದು ಕೇಳಲಿಲ್ಲ.

ಅಸ್ಥಿಪಂಜರ ಸಿದ್ಧವಾದ ಮೇಲೆ ಚರ್ಮದ ಕೆಲಸ. ನೀರು ಬೆರೆಸಿದ ಅಂಟನ್ನು ಅಂಚಿಗೆ ಸವರಿ ತೆಳುಕಾಗದವನ್ನು ಹೊದಿಸಬೇಕು. ಎಷ್ಟು ಜಾಣತನದಿಂದ ಹೊದಿಸಿದರೂ ಸುಕ್ಕು ಉಳಿದೇ ಉಳಿಯುತ್ತದೆ. ಆಗ ಮಂಜು ಕವಿದಂತೆ ನೀರನ್ನು ಸಿಂಪಡಿಸಿದರೆ ಕಾಗದ ಒಣಗುತ್ತ ಬಿಗಿಯಾಗಿ ತಮಟೆಯ ಚರ್ಮದಂತಾಗುತ್ತದೆ. ಆದರೆ ಈ ಬಿಗಿತಕ್ಕೆ ರೆಕ್ಕೆಯನ್ನೇ ತಿರುಚುವ ಶಕ್ತಿಯಿದೆ. ಪೂರ್ತಿ ಒಣಗುವವರೆಗೂ ಹಲಗೆಗೆ ಸೂಜಿಗಳಿಂದ ಬಿಗಿದೇ ಇಡಬೇಕು. ತಾತ ಹಾಗೆಯೇ ಬಿಗಿದು ಮಲಗಿದರು. ಹುಡುಗನಿಗೆ ನಿದ್ದೆ ಬರಲಿಲ್ಲ. ರಾತ್ರಿ ಎದ್ದು, ರೆಕ್ಕೆಯನ್ನು ಬಿಡಿಸಿ, ದೀಪಕ್ಕೆ ಹಿಡಿದು ನೋಡಿ, ಹಾಗೆಯೇ ಮೇಜಿನ ಮೇಲಿಟ್ಟು ಮಲಗಿಬಿಟ್ಟ. ಬೆಳಗ್ಗೆ ನೋಡಿದರೆ ರೆಕ್ಕೆ ಹಪ್ಪಳದಂತೆ ಮುರುಟಿತ್ತು.

ಹುಡುಗ ಅತ್ತ. ಎಲ್ಲವನ್ನೂ ಮುರಿದು ಬಿಸಾಡುವುದಾಗಿ ಹೇಳಿದ. ಈ ಬಾರಿ ಹಲಗೆಯನ್ನು ಬಿಟ್ಟು ಹೋಗುವ ಸರದಿ ಅವನದಾಗಿತ್ತು. ಕರೆತರುವ ಸರದಿ ತಾತನದು.

“ನೀರೇ ಕೆಡಿಸಿದ್ದು, ನೀರೇ ಸರಿಮಾಡತ್ತೆ ಬಾ,” ಎಂದರು ಅವರು. ಇಬ್ಬರೂ ಕಾಗದವನ್ನು ಮತ್ತೆ ತೇವಮಾಡಿ, ಮುರುಟಿದ ರೆಕ್ಕೆಯನ್ನು ಮೆಲ್ಲನೆ ಹಲಗೆಗೆ ಅದುಮಿ, ಸುತ್ತಲೂ ಸೂಜಿ ನಿಲ್ಲಿಸಿ, ಮೇಲೆ ಪುಸ್ತಕಗಳನ್ನು ಹೇರಿದರು. ಎರಡು ರಾತ್ರಿ ಅದರ ಹತ್ತಿರ ಯಾರೂ ಸುಳಿಯಲಿಲ್ಲ. ಮೂರನೆಯ ಬೆಳಗ್ಗೆ ರೆಕ್ಕೆ ನೆಟ್ಟಗಾಗಿತ್ತು. ತುದಿಯಲ್ಲಿ ಎಲ್ಲಿಯೋ ಒಂದಿಷ್ಟು ಹಟ ಉಳಿದಿತ್ತು, ಅಷ್ಟೆ.

ಹಾರಿಸುವ ಮುನ್ನ ಇನ್ನೆರಡು ಸಂಸ್ಕಾರಗಳುಂಟು. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಮೂರನೆಯ ಒಂದು ಪಾಲಿನಷ್ಟು ಹಿಂದೆ, ಎರಡು ಬೆರಳ ತುದಿಗಳ ಮೇಲೆ, ವಿಮಾನ ಸಮವಾಗಿ ನಿಲ್ಲಬೇಕು. ಬಾಲ ಭಾರವಾದರೆ ಮೂಗಿಗೆ ಚಿಟಿಕೆ ಜೇಡಿಮಣ್ಣು. ರಬ್ಬರಿನ ಎಳೆಗೆ ಮೆದುಸಾಬೂನು ಗ್ಲಿಸರಿನ್‌ಗಳ ಲೇಪ. ಒಣ ರಬ್ಬರು ತನ್ನನ್ನು ತಾನೇ ಉಜ್ಜಿಕೊಂಡು ಬೇಗ ತುಂಡಾಗುತ್ತದೆ. ಅಡಿಗೆಮನೆಯ ತಕ್ಕಡಿ ಇಡೀ ವಿಮಾನಕ್ಕೆ 24 ಗ್ರಾಂ ತೋರಿಸಿತು.

ಭಾನುವಾರ, ಗಾಳಿ ಏಳುವ ಮೊದಲೇ, ಮನೆಮಂದಿಯೆಲ್ಲ ಹತ್ತಿರದ ಮೈದಾನಕ್ಕೆ ಹೋದರು. ಮೊದಲು ರಬ್ಬರನ್ನು ತಿರುಚದೆಯೇ ಮೆಲ್ಲನೆ ತೇಲಿಬಿಟ್ಟು ನೋಡಿದರು. ಬಾಲದ ಹಿಂಭಾಗವನ್ನು ಉಗುರಿನಷ್ಟು ಬಾಗಿಸಿದರು. ತಾತ ಕಲ್ಲುಬೆಂಚಿನ ಮೇಲೆ ಕುಳಿತು, ಮೊಣಕೈಗಳನ್ನು ತೊಡೆಗಳ ಮೇಲೂರಿ, ವಿಮಾನವನ್ನು ಎರಡು ಕೈಗಳಲ್ಲಿ ಹಿಡಿದುಕೊಂಡರು. ಹುಡುಗ ಮುಂದೆ ನಿಂತು ಪ್ರೊಪೆಲರನ್ನು ಬೆರಳಿನಿಂದ ಸುತ್ತತೊಡಗಿದ. ನೂರೈವತ್ತು ಸುತ್ತು. ರಬ್ಬರು ಗಂಟುಗಂಟಾಗಿ ಬಿಗಿಯಿತು.

“ನೀವೇ ಬಿಡಿ ತಾತ.”

“ನಡುಗುವ ಕೈ ಬೇಡ ಮರಿ. ಹಿಡಿಯೋದು ನನ್ನದು, ಬಿಡೋದು ನಿನ್ನದು.”

ಹುಡುಗ ಅದನ್ನು ತಲೆಯ ಮಟ್ಟಕ್ಕೆ ಎತ್ತಿ, ಎಸೆಯದೆ, ಕೈಯನ್ನು ಸುಮ್ಮನೆ ತೆರೆದ. ವಿಮಾನ ಒಂದು ಮೊಳ ಇಳಿದು, ತನ್ನನ್ನು ತಾನು ಸಂಬಾಳಿಸಿಕೊಂಡು ಮೇಲೇರಿತು. ರೆಕ್ಕೆಯಲ್ಲಿ ಉಳಿದಿದ್ದ ಹಟದ ದೆಸೆಯಿಂದ ಎಡಕ್ಕೆ ತಿರುಗಿತು. ತಂದೆ ಗಡಿಯಾರ ಹಿಡಿದು ಎಣಿಸಿದರು: ಒಂಬತ್ತು ಸೆಕೆಂಡು. ಇಳಿಯುವಾಗ ಹುಲ್ಲಿನ ದಿಂಡಿಗೆ ತಾಗಿ ಒಂದು ಪಕ್ಕೆಲುಬು ಮುರಿಯಿತು.

ಹುಡುಗ ಅಳಲಿಲ್ಲ. ಬಿಸ್ಕತ್ತಿನ ಡಬ್ಬಿಯನ್ನು ತೆರೆದು, ಬೆಂಚಿನ ಮೇಲೆ ಮೇಣದ ಕಾಗದವನ್ನು ಹರಡಿ, “ತಾತ, ಅಂಟು ಒಣಗೋ ತನಕ ಏನಾದರೂ ಕಥೆ ಹೇಳಿ,” ಎಂದ.

ಅಂದು ಸಂಜೆ ಅಜ್ಜಿ ಗುಂಡುಸೂಜಿಗಳನ್ನು ಎಣಿಸಿಕೊಂಡರು. ಐವತ್ತೇಳು ಇದ್ದವು. ಹಲಗೆಯ ಕೆಳಗೆ, ಚಾಪೆಯ ಅಡಿಯಲ್ಲಿ ಹುಡುಕಿದರೂ ಉಳಿದ ಮೂರು ಸಿಕ್ಕಲಿಲ್ಲ. ಅಜ್ಜಿ ಏನೋ ಅನ್ನಲು ಬಾಯಿ ತೆರೆದವರು ಜಗಲಿಯ ಕಡೆ ನೋಡಿದರು. ಅಲ್ಲಿ ತಾತ, ಮಣಿಕಟ್ಟಿನ ಕೆಳಗೆ ಆ ಮರದ ತುಂಡನ್ನು ಒತ್ತುಕೊಟ್ಟುಕೊಂಡು, ಕಾಗದದ ಮೇಲೆ ಇನ್ನೊಂದು ರೆಕ್ಕೆಯ ನಕ್ಷೆಯನ್ನು ಎಳೆಯುತ್ತಿದ್ದರು. ಅಜ್ಜಿ ಸೂಜಿಗಳನ್ನು ಮತ್ತೆ ಕಟ್ಟಿ, ತಮ್ಮ ಹೊಲಿಗೆಯ ಡಬ್ಬಿಯಲ್ಲಿಡದೆ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು.